ಹೋದದ್ದೆಲ್ಲ ಬರುವ ಊರಿನ ಗೋದಾಮು

ನಮ್ಮೂರಲ್ಲಿ ಛತ್ರಿ ಕಳೆದುಕೊಂಡವರು ಯಾರೂ ಇಲ್ಲ. ಪಕ್ಕದ ಮನೆಗೆ ಎರವಲು ಹೋದ ಒನಕೆ, ನೆಂಟರ ಮದುವೆಗೆ ಒಯ್ದ ಹಂಡೆ, ಯಾರೋ ಕೇಳಿ ತೆಗೆದುಕೊಂಡು ಹೋದ ಜರಡಿ, ಎಲ್ಲವೂ ಒಂದಲ್ಲ ಒಂದು ದಿನ ಮನೆಗೆ ಬಂದು ಸೇರುತ್ತವೆ. ಹೊಸ್ತಿಲು ದಾಟುವಾಗ ‘ಹೋಗಿ ಬಾ’ ಅಂದರೆ ಸಾಕು, ಬರುತ್ತವೆ. ಹೇಗೆ ಎಂದು ಕೇಳಿದರೆ ನಮಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಪುರುಸೊತ್ತೂ ಇಲ್ಲ. ರೆಕ್ಕೆ ಕಟ್ಟಿಕೊಂಡು ಹಾರಿ ಬರುವುದಿಲ್ಲ, ಅಷ್ಟು ಹೇಳಬಲ್ಲೆ. ಬರುವುದಕ್ಕೆ ಪ್ರತಿಯೊಂದಕ್ಕೂ ಒಂದು ನೆಪ ಸಿಗುತ್ತದೆ. ಒನಕೆ ಒಯ್ದವಳ ತೋಳು ಉಳುಕುತ್ತದೆ. ಛತ್ರಿ ಮರೆತ ಬಸ್ಸು ಮುಂದಿನ ತಿರುವಿನಲ್ಲೇ ಕೆಟ್ಟು ನಿಂತು, ಕಂಡಕ್ಟರು ಅದೇ ಛತ್ರಿ ಹಿಡಿದುಕೊಂಡು ಮೆಕ್ಯಾನಿಕ್ಕನ್ನು ಹುಡುಕುತ್ತಾ ವಾಪಸು ಬರುತ್ತಾನೆ.

ಇದರಿಂದ ಬರೀ ಸುಖ ಅಂದುಕೊಳ್ಳಬೇಡಿ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಯಾವ ತಾಯಿಯ ಬಾಯಲ್ಲಿ ಬರೀ ‘ಹೋಗು’ ಎಂಬ ಮಾತು ಬಂದೀತು? ‘ಹೋಗಿ ಬಾರವ್ವ’ ಅಂದೇ ಅನ್ನುತ್ತಾಳೆ. ಹಬ್ಬ ಬರುವಷ್ಟರಲ್ಲಿ ಅತ್ತೆಯ ಜೊತೆ ಜಗಳವಾಡಿ ಮಗಳು ಬರುತ್ತಾಳೆ, ಹಿಂದೆಯೇ ಟ್ರಂಕು ಹೊತ್ತು ಅಳಿಯ ಬರುತ್ತಾನೆ. ಹೀಗಾಗಿ ನಮ್ಮೂರಲ್ಲಿ ಎಲ್ಲಿ ನೋಡಿದರೂ ಮನೆ ಅಳಿಯಂದಿರು. ವರ್ಗವಾದ ತಹಸೀಲ್ದಾರರೊಬ್ಬರಿಗೆ ಹಾರ ಹಾಕಿ ‘ಹೋಗಿ ಬನ್ನಿ ಸಾರ್’ ಎಂದು ಬೀಳ್ಕೊಟ್ಟೆವು. ಹೊಸ ಊರಿನ ನೀರು ಒಗ್ಗದೆ ಹೊಟ್ಟೆ ಕೆಟ್ಟು, ಯಾರ್ಯಾರ ಕಾಲೋ ಹಿಡಿದು ಮತ್ತೆ ಇಲ್ಲಿಗೇ ಹಾಕಿಸಿಕೊಂಡು ಬಂದರು. ಎರಡನೆಯ ಸಲ ನಾವು ಹುಷಾರಾಗಿ ಭಾಷಣವನ್ನೇ ಬಿಟ್ಟು ಬರೀ ಚಿತ್ರಾನ್ನ ಕೊಟ್ಟು ಕಳಿಸಿದೆವು. ಮಾತಿಲ್ಲದೆ ಹೊರಟದ್ದು ನಮ್ಮೂರ ಹೆಬ್ಬಾಗಿಲಾದ ಅಗಸೆಬಾಗಿಲು ದಾಟುವುದಿಲ್ಲ. ಜೀಪು ಅಲ್ಲೇ ಕೆಟ್ಟು ನಿಂತಿತು. ಈಗ ನಿವೃತ್ತರಾಗಿ ಇಲ್ಲೇ ಮನೆ ಕಟ್ಟಿಸಿಕೊಂಡಿದ್ದಾರೆ.

ಹಾಗಾದರೆ ‘ಹೋಗು’ ಅಂದುಬಿಡಬಾರದೇ ಎಂದು ನೀವು ಕೇಳಬಹುದು. ಅದು ಶನಿಗೆ ಅನ್ನುವ ಮಾತು, ನೆಗಡಿಗೆ ಅನ್ನುವ ಮಾತು. ಮನುಷ್ಯರಿಗೆ ಅಂದರೆ ಬಾಯಲ್ಲಿ ಹುಳ ಬೀಳುತ್ತದೆ ಎಂದು ನಮ್ಮ ಅಜ್ಜಿಯಂದಿರು ಹೇಳಿಟ್ಟಿದ್ದಾರೆ. ಸುಡುಗಾಡನ್ನೂ ನಮ್ಮ ಹಿರಿಯರು ಅಗಸೆಯ ಒಳಗೇ ಇಟ್ಟುಕೊಂಡಿದ್ದು, ಸತ್ತವರಿಗೂ ಆ ಮಾತು ಅನ್ನುವ ಪ್ರಸಂಗ ಬರದಿರಲಿ ಎಂದು.

ನನ್ನ ಹೆಸರು ಓಬಮ್ಮ, ಊರವರ ಬಾಯಲ್ಲಿ ಪಾತ್ರೆ ಓಬಕ್ಕ. ಮದುವೆ, ನಾಮಕರಣ, ತಿಥಿ, ಯಾವುದಕ್ಕೇ ಆಗಲಿ ಕೊಪ್ಪರಿಗೆ, ಕೊಳದಪ್ಪಲೆ, ಸೌಟು, ಜಮಖಾನ ಬಾಡಿಗೆಗೆ ಕೊಡುವುದು ನನ್ನ ಕಸುಬು. ಬೇರೆ ಊರುಗಳಲ್ಲಿ ಈ ಕಸುಬಿನವರು ಪ್ರತಿ ಲೋಟಕ್ಕೂ ಹೆಸರು ಕೆತ್ತಿಸಿ, ಮದುವೆ ಮುಗಿಯುವ ತನಕ ಅಡುಗೆ ಮನೆಯ ಬಾಗಿಲಲ್ಲಿ ಕಾವಲು ಕೂರುತ್ತಾರಂತೆ. ನನಗೆ ಆ ಗೊಡವೆಯೇ ಇಲ್ಲ. ಪಾತ್ರೆಗಳನ್ನು ಗಾಡಿಗೆ ಹತ್ತಿಸಿ, ಕೊಪ್ಪರಿಗೆಯ ಬೆನ್ನು ತಟ್ಟಿ ‘ಹೋಗಿ ಬಾರಪ್ಪ’ ಅಂದರೆ ಮುಗಿಯಿತು. ಒಮ್ಮೆ ಒಂದು ಸೌಟು ಪರಸ್ಥಳದ ಅಡುಗೆಯವನ ಗಂಟಿನಲ್ಲಿ ಸೇರಿ ಹೋಗಿಬಿಟ್ಟಿತ್ತು. ಅವನು ನಮ್ಮೂರ ಹುಡುಗಿಯನ್ನೇ ಮದುವೆಯಾಗಿ ಮನೆ ಅಳಿಯನಾಗಿ ಬಂದಾಗ ಸೌಟೂ ಬಂತು. ಸೌಟಿಗಾಗಿ ಮದುವೆಯಾಯಿತೋ, ಮದುವೆಗಾಗಿ ಸೌಟು ಹೋಗಿತ್ತೋ, ಅವನನ್ನು ಕೇಳಿದರೆ ಇವತ್ತಿಗೂ ಮುಖ ಆ ಕಡೆ ತಿರುಗಿಸುತ್ತಾನೆ.

ಒಂದು ವರ್ಷ ಹೊಳೆ ಉಕ್ಕಿ ಕೆಳಗಿನ ಊರುಗಳನ್ನೆಲ್ಲ ನುಂಗಿತು. ನಮ್ಮೂರು ಎತ್ತರದಲ್ಲಿದೆ. ಕೆಳಗಿನವರ ಕಡೆಗೆ ಉಳಿದಿದ್ದ ಒಂದೇ ರಸ್ತೆ ನಮ್ಮ ಅಗಸೆಯಿಂದಲೇ ಹೊರಡುತ್ತಿತ್ತು. ಹಾಗಾಗಿ ನೆರವು ಸಂಸ್ಥೆಗಳೆಲ್ಲ ಲಾರಿ ಲಾರಿ ಸಾಮಾನು ತಂದು ನಮ್ಮ ಹಳೆಯ ಹತ್ತಿ ಮಿಲ್ಲಿನಲ್ಲಿ ಸುರಿದವು. ಅವುಗಳ ಹೆಸರುಗಳು ನಮ್ಮ ನಾಲಿಗೆಗೆ ಹೊರಳಲಿಲ್ಲ. ಕಂಬಳಿಯವರು, ಅಕ್ಕಿಯವರು, ಔಷಧಿಯವರು ಎಂದು ನಾವೇ ಹೆಸರಿಟ್ಟುಕೊಂಡೆವು. ಮೂವರೂ ಪರೋಪಕಾರಕ್ಕೆ ಬಂದವರು, ಮೂವರಿಗೂ ಪರಸ್ಪರ ಆಗುತ್ತಿರಲಿಲ್ಲ. ಅಕ್ಕಿಯ ಹುಳ ಕಂಬಳಿಗೆ ಹತ್ತುತ್ತದೆ ಎಂದು ಕಂಬಳಿಯವರು, ಕಂಬಳಿಯ ನುಸಿಗುಳಿಗೆಯ ವಾಸನೆ ಅಕ್ಕಿಗೆ ಹತ್ತುತ್ತದೆ ಎಂದು ಅಕ್ಕಿಯವರು. ಔಷಧಿಯವರಿಗೆ ಮಿಲ್ಲಿನ ತಂಪು ಕೋಣೆಯೇ ಬೇಕು, ಅಲ್ಲಿ ಊರಿನ ಭಜನಾ ಮಂಡಳಿಯ ತಬಲಾ ಹಾರ್ಮೋನಿಯಂಗಳಿದ್ದವು. ಎಲ್ಲರ ಬ್ಯಾನರೂ ಎಲ್ಲರಿಗಿಂತ ಮುಂದೆ ಇರಬೇಕು.

ಇವರನ್ನೆಲ್ಲ ಒಂದು ನೊಗಕ್ಕೆ ಕಟ್ಟಲು ಬಂದವರು ಫಿಲೋಮಿನಾ ಮೇಡಂ, ಕರಾವಳಿಯವರು. ತಮ್ಮದು ‘ಸಮನ್ವಯ’ದ ಕೆಲಸ ಎಂದರು. ಹಾಗೆಂದರೇನು ಎಂದು ಕೇಳಿದೆ. ಮದುವೆ ಮನೆಯಲ್ಲಿ ಬೀಗರನ್ನೂ ಅಡುಗೆಯವರನ್ನೂ ಒಟ್ಟಿಗೆ ಸಂಭಾಳಿಸುತ್ತೀರಲ್ಲ, ಅದೇ ಎಂದರು. ಅವತ್ತೇ ಅವರು ನನಗೆ ಹಿಡಿಸಿದರು. ನನ್ನ ಅಂಗಡಿಯಿಂದ ಒಂದು ಸೌಟು ಕೂಡ ಕಳೆದುಹೋಗಿಲ್ಲ ಎಂಬುದು ಅವರ ಕಿವಿಗೆ ಬಿದ್ದಿತ್ತು. ಇಂಥವಳೇ ಗೋದಾಮಿಗೆ ಬೇಕು ಎಂದು ಉಸ್ತುವಾರಿ ನನಗೇ ವಹಿಸಿದರು. ನಾನೂ ಸೆರಗು ಸಿಕ್ಕಿಸಿ ನಿಂತೆ. ಚೀಲಗಳಿಗೆ ಗೋಡೆಯ ತಂಪು ತಾಗದಂತೆ ಹಲಗೆ ಹಾಸಿಸಿದೆ, ಇಲಿಗೆ ಬೋನು ಇಡಿಸಿದೆ, ಮೊದಲು ಬಂದದ್ದು ಮೊದಲು ಹೋಗುವ ಹಾಗೆ ಜೋಡಿಸಿದೆ, ಭಜನಾ ಮಂಡಳಿಯ ಹಾರ್ಮೋನಿಯಂ ನನ್ನ ಮನೆಗೆ ತಂದಿಟ್ಟುಕೊಂಡೆ. ಬ್ಯಾನರುಗಳನ್ನು ಬಾಗಿಲ ಮೇಲೆ ಅಲ್ಲ, ಮೂರು ದಿಕ್ಕಿನ ಮೂರು ಗೋಡೆಗೆ ಕಟ್ಟಿಸಿದೆ. ಪ್ರತಿಯೊಬ್ಬರಿಗೂ ತಮ್ಮದೇ ಮುಂಬಾಗಿಲು ಅನ್ನಿಸಿ ಜಗಳ ನಿಂತಿತು.

ಮೊದಲ ಲಾರಿ ಹೊರಟಿತು. ಓಡಿಸುವವನು ನಮ್ಮ ದಸ್ತಗೀರ್. ಯಾರಾದರೂ ಎದುರಿಗೆ ನಿಂತು ನೆಟ್ಟಗೆ ಬೀಳ್ಕೊಡದಿದ್ದರೆ ಗಾಡಿ ಚಾಲೂ ಮಾಡುವವನಲ್ಲ. ಊರೆಲ್ಲ ಸೇರಿತ್ತು. ನಾನು ಲಾರಿಗೆ ಕುಂಕುಮ ಇಟ್ಟು, ಬೆನ್ನು ತಟ್ಟಿ, ಹುಟ್ಟಿದಾಗಿನಿಂದ ಅನ್ನುತ್ತಾ ಬಂದದ್ದನ್ನೇ ಅಂದೆ. ಊರೂ ನನ್ನೊಂದಿಗೆ ದನಿ ಕೂಡಿಸಿತು. ಏನು ಮಾಡಿದೆವೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮರುದಿನ ಅಕ್ಕಿ ಬಂತು. ದೋಣಿ ಕಟ್ಟೆಯೇ ಕೊಚ್ಚಿಹೋಗಿತ್ತಂತೆ, ಇಳಿಸಲು ಜಾಗವಿರಲಿಲ್ಲವಂತೆ. ಔಷಧಿ ಬಂತು. ಪೆಟ್ಟಿಗೆಯ ಮೇಲಿನ ಚೀಟಿ ತಲೆಕೆಳಗಾಗಿ ಅಂಟಿಸಲಾಗಿತ್ತಂತೆ. ಕಂಬಳಿಗಳನ್ನು ಮಾತ್ರ ಹಂಚಿದ್ದರು. ಆದರೆ ಬೆಳಗಾಗುತ್ತಲೇ ಸ್ವಯಂಸೇವಕರು, ಒದ್ದೆಯಾದ ಕಂಬಳಿ ಕೊಡಿ, ಒಣಗಿದ್ದು ಕೊಡುತ್ತೇವೆ ಎಂದು ಎಲ್ಲವನ್ನೂ ವಾಪಸು ತೆಗೆದುಕೊಂಡು ದಸ್ತಗೀರನ ಲಾರಿಗೆ ಏರಿಸಿದ್ದರು. ಒಣಗಿದ್ದು ಕೊಡುವವರು ಯಾರು ಎಂಬುದು ಅವರಿಗೂ ಗೊತ್ತಿರಲಿಲ್ಲ. ಲಾರಿ ನಿಂತಲ್ಲೇ ಒಂದೆರಡು ಮೂಟೆ ಬೇಯಿಸಿ ಬಡಿಸಿದ ಅನ್ನವೊಂದು ಬರಲಿಲ್ಲ, ಆ ಪುಣ್ಯದಿಂದ ಕೆಳಗಿನವರ ಹೊಟ್ಟೆ ಅಷ್ಟಿಷ್ಟು ತುಂಬಿತು.

ಫಿಲೋಮಿನಾ ಮೇಡಂ ಲಾರಿಯನ್ನೂ ನನ್ನನ್ನೂ ನೋಡಿದರು. “ಎಂತ ಓಬಕ್ಕ ಇದು, ನಮ್ಮ ಲಾರಿ ಹೋದದ್ದಾ, ಬರೀ ಗಾಳಿ ತಿಂದುಕೊಂಡು ಬಂದದ್ದಾ?” ಎಂದರು. ಆಗ ನನಗೆ ಅರಿವಾಯಿತು. ನಾಚಿಕೆಯಿಂದ ನೆಲ ನೋಡುತ್ತಾ ಊರಿನ ವಿಷಯ ಹೇಳಿದೆ. ಅವರು ನಗಲಿಲ್ಲ, ನಂಬುವುದಿಲ್ಲ ಎನ್ನಲೂ ಇಲ್ಲ. ಹಾಗಾದರೆ ಬೇರೆ ಮಾತು ಹುಡುಕುವ ಎಂದರು.

ಹುಡುಕಿದೆವು. ಕಂಬಳಿಯವರು ಮಾತೇ ಬೇಡ ಎಂದು ತಮ್ಮದೇ ಲಾರಿ ತರಿಸಿ ಮೌನವಾಗಿ ಹೊರಡಿಸಿದರು. ಅದು ಅಗಸೆಯಲ್ಲಿ ತಹಸೀಲ್ದಾರರ ಜೀಪು ನಿಂತ ಜಾಗದಲ್ಲೇ ನಿಂತಿತು. ಔಷಧಿಯವರು ಕೈ ಬೀಸಿ ‘ಟಾಟಾ’ ಎಂದರು. ನಮ್ಮ ಕಡೆ ಟಾಟಾ ಎಂದರೆ ಮಗುವನ್ನು ಎತ್ತಿಕೊಂಡು ಒಂದು ಸುತ್ತು ಹಾಕಿಸಿ ತರುವುದು. ಲಾರಿಯೂ ಹಾಗೇ ಕೆರೆ ಏರಿ, ಸಂತೆಮಾಳ ಎಲ್ಲ ಸುತ್ತಿ ಸಂಜೆಗೆ ಮನೆಗೆ ಬಂತು. ಕೊನೆಗೆ ಜಗಳಗಂಟ ಪಾಲಯ್ಯನನ್ನು ಕರೆಸಿದೆವು. ಅವನ ಬಾಯಿಂದ ‘ತೊಲಗು’ ಅನ್ನಿಸಿಕೊಳ್ಳದವರು ಊರಲ್ಲಿ ಯಾರೂ ಇಲ್ಲ, ಅವನ ಹೆಂಡತಿಯಂತೂ ಅದು ತನ್ನ ಹೆಸರೇ ಅಂದುಕೊಂಡಿದ್ದಾಳೆ. ಅಂಥವನು ಅಕ್ಕಿ ಮೂಟೆಯ ಮುಂದೆ ನಿಂತು ಬಾಯಿ ತೆರೆದ, ಮುಚ್ಚಿದ, ಕಡೆಗೆ ಮೂಟೆಗೆ ಕೈ ಮುಗಿದು ಹೊರಗೆ ಬಂದ. ಅನ್ನಕ್ಕೆ ತೊಲಗು ಅಂತ ಹೆಂಗಕ್ಕ ಅನ್ಲಿ ಎಂದು ನನ್ನನ್ನೇ ಕೇಳಿದ. ಅವನನ್ನು ಹೀಯಾಳಿಸಲು ನನಗೂ ಮನಸ್ಸು ಬರಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ನಾನೂ ಒಳಗೊಳಗೇ ಪ್ರಯತ್ನಿಸಿ ಸೋತಿದ್ದೆ.

ಬೇರೆ ಮಾತು ಸಿಗದೆ ಹಳೆಯ ಮಾತಿಗೇ ಕಂಬಳಿಗಳು ಮತ್ತೆ ಹೋದವು, ಮತ್ತೆ ಬಂದವು. ಈ ಸಲ ಇಳಿಸಿಕೊಳ್ಳುವಾಗ ಒಂದು ಕಂಬಳಿ ಕೈಗೆ ಬೆಚ್ಚಗೆ ತಾಗಿತು. ಯಾರದೋ ಮೈಯಿಂದ ತೆಗೆದು ಬಹಳ ಹೊತ್ತಾಗಿರಲಿಲ್ಲ. ಪಾತ್ರೆ ಮನೆಗೆ ಬಂದಾಗ ಆಗುವ ಸಂತೋಷವನ್ನೇ ಇಷ್ಟು ವರ್ಷ ತಿಂದು ಬದುಕಿದವಳು ನಾನು. ಒಂದು ವಸ್ತು ಮನೆಗೆ ಬಂದದ್ದಕ್ಕೆ ದುಃಖವಾದದ್ದು ಅವತ್ತೇ ಮೊದಲು.

ಆ ಕಂಬಳಿಯ ಹಿಂದೆಯೇ ಅದನ್ನು ಹುಡುಕಿಕೊಂಡು ಒಬ್ಬಳು ಬಂದಳು. ಮಂಡಿಯವರೆಗೆ ಕೆಸರು, ಕೆದರಿದ ತಲೆ, ಕಣ್ಣಲ್ಲಿ ಕೆಂಡ. ಹೊಳೆಸಾಲಿನ ಊರಿನವಳು, ಹೆಸರು ದುರುಗಿ, ಹೆಸರಿಗೆ ಮೋಸವಿರಲಿಲ್ಲ. ತೆಪ್ಪದಲ್ಲಿ ನೀರು ದಾಟಿ, ಅಲ್ಲಿಂದ ನಡೆದು ಬಂದಿದ್ದಳು. ಗೋದಾಮಿನ ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತು, ಇಲ್ಲಿಯ ಯಜಮಾನ್ತಿ ಯಾರು ಎಂದಳು. ನಾನು ಮುಂದೆ ಬಂದೆ.

“ಕೊಟ್ಟ ಕಂಬ್ಳಿ ಕಿತ್ಕಂಡು ಬರೋದು ಯಾವ ಸೀಮೆ ಧರ್ಮ? ನಮ್ಮವ್ವ ಅಲ್ಲಿ ಗಡಗಡ ನಡುಗ್ತಾ ಕುಂತವ್ಳೆ. ಕೊಡಾಕೆ ಮನಸ್ಸಿಲ್ದಿದ್ರೆ ಕೊಡಬ್ಯಾಡ್ರಿ. ಕೊಟ್ಟಂಗ್ ಮಾಡಬ್ಯಾಡ್ರಿ.”

ಅವಳು ರಾಶಿಯೊಳಗೆ ಕೈ ಹಾಕಿ ಒಂದೊಂದೇ ಮೂಸಿ ನೋಡುತ್ತಾ ಹೋದಳು. ಅವ್ವನ ಹೊಗೆಸೊಪ್ಪಿನ ವಾಸನೆಯ ಕಂಬಳಿ ಸಿಕ್ಕಿತು. ಅದನ್ನು ಹೆಗಲಿಗೆ ಹಾಕಿಕೊಂಡು, ಪರರ ಜಗಲಿಯಲ್ಲಿ ಅವಮಾನವಾದ ಮಗುವಿಗೆ ಹೇಳುವ ಹಾಗೆ ಕಂಬಳಿಗೆ ಹೇಳಿದಳು: “ಬಾ ಹೋಗಣ. ಇಂಥೋರ ಮನೇಲಿ ನಮಗೇನ್ ಕೆಲ್ಸ.” ಬಾಗಿಲು ದಾಟುತ್ತಿದ್ದವಳಿಗೆ ನನ್ನ ನಾಲಿಗೆ ತನ್ನ ಚಾಳಿ ಬಿಡದೆ ‘ಹೋಗಿ ಬಾರವ್ವ’ ಅಂದುಬಿಟ್ಟಿತು. ಅವಳು ನನ್ನನ್ನು ಸುಟ್ಟುಬಿಡುವಂತೆ ನೋಡಿದಳು.

ಅಂದಮೇಲೆ ಬರಲೇಬೇಕಲ್ಲ, ಮರುದಿನ ಬಂದಳು. ಸಿಟ್ಟಿನಲ್ಲಿ ಚಪ್ಪಲಿ ಇಲ್ಲೇ ಬಿಟ್ಟು ಹೋಗಿದ್ದಳು. ಆದರೆ ಕಂಬಳಿ ಬರಲಿಲ್ಲ. ಅದನ್ನು ಗಮನಿಸಿದವರು ಫಿಲೋಮಿನಾ ಮೇಡಂ. ಹೋದ ಕಂಬಳಿಗಳೆಲ್ಲ ಬಂದಿವೆ, ಅದೊಂದು ಯಾಕೆ ಬರಲಿಲ್ಲ ಎಂದು ದುರುಗಿಯನ್ನು ಕೂರಿಸಿ ಕಾಫಿ ಕೊಟ್ಟು ಕೇಳಿದರು. ಅವ್ವ ಹೊದ್ದು ಕೂತಿದ್ದಾಳೆ, ಯಾಕೆ ಬರಬೇಕು ಎಂದಳು ದುರುಗಿ. ಅದಕ್ಕೆ ಏನು ಹೇಳಿ ಒಯ್ದೆ ಎಂದು ಮೇಡಂ ಮತ್ತೆ ಕೇಳಿದರು. ಅವಳು ನೆನಪು ಮಾಡಿಕೊಂಡು ಹೇಳಿದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಾವು ಕಳಿಸುವ ಮಾತನ್ನೇ ಹುಡುಕುತ್ತಿದ್ದೆವು. ಒಯ್ಯುವವರು ಕರೆದುಕೊಂಡು ಹೋಗುವ ಮಾತು ಬೇರೆ ಇದೆ ಎಂಬುದು ನಮಗೆ ತೋಚಿರಲಿಲ್ಲ.

ಅಂದಿನಿಂದ ಗೋದಾಮಿನ ಪದ್ಧತಿ ಬದಲಾಯಿತು. ಸಾಮಾನು ಯಾರಿಗೋ ಅವರೇ ಒಳಗೆ ಬರಬೇಕು, ಅವರೇ ಮೂಟೆಗಳ ಮುಂದೆ ನಿಂತು ‘ಬನ್ನಿ ಹೋಗಣ’ ಎನ್ನಬೇಕು. ಕೆಳಗಿನ ಎಲ್ಲ ಊರುಗಳ ಪರವಾಗಿ ದುರುಗಿಯೇ ಬರುತ್ತಿದ್ದಳು, ಅವಳ ಗಂಟಲು ದೊಡ್ಡದು. ಮೊದಲ ಸಲ ಉತ್ಸಾಹದಲ್ಲಿ ಲಾರಿಯ ಮೇಲೆ ನಿಂತು ‘ಬನ್ರಪ್ಪ, ಎಲ್ರೂ ಹೋಗಣ’ ಅಂದುಬಿಟ್ಟಳು. ಅಕ್ಕಿ ಹೋಯಿತು, ಔಷಧಿ ಹೋಯಿತು, ಜೊತೆಗೆ ದಸ್ತಗೀರನೂ ಹೋದ. ನಾನು ಅವನಿಗೆ ಬೇರೆಯಾಗಿ ಹೋಗಿ ಬಾ ಅಂದಿದ್ದೆ. ಪಾಪ, ಎರಡು ಮಾತಿನ ನಡುವೆ ಸಿಕ್ಕಿಕೊಂಡು ಅಲ್ಲಿಯೇ ಗುಡಿಸಲಿಗೆ ಗಳ ಕಟ್ಟಿಕೊಡುತ್ತಾ ಕೂತಿದ್ದನಂತೆ. ಅವನ ಹೆಂಡತಿ ನನ್ನ ಅಂಗಡಿಯ ಮುಂದೆ ಧರಣಿ ಹೂಡಿದ ಮೇಲೆ ಅಂತೂ ಬಂದ. ಆಮೇಲೆ ಜಾಗ್ರತೆ ಮಾಡಿದೆವು. ದುರುಗಿ ಮೂಟೆಗಳಿಗೆ ಗೋದಾಮಿನೊಳಗೇ ಹೇಳಿ ಮುಗಿಸುವ ತನಕ ದಸ್ತಗೀರ್ ಹೊರಗೆ ಕಿವಿಗೆ ಹತ್ತಿ ಇಟ್ಟುಕೊಂಡು ನಿಂತಿರುತ್ತಿದ್ದ. ಕಂಬಳಿಯವರು ಆ ಮಾತನ್ನು ಬ್ಯಾನರಿನಲ್ಲಿ ಬರೆಸಬಹುದೇ ಎಂದು ಕೇಳಿದರು. ಔಷಧಿಯವರು ಅದು ತಮ್ಮದೇ ಸಂಶೋಧನೆ ಎಂಬಂತೆ ಓಡಾಡಿದರು.

ಪ್ರತಿ ಸಲ ದುರುಗಿಗೆ ಮಾತ್ರ ನಾನು ‘ಹೋಗಿ ಬಾ’ ಎನ್ನುತ್ತಿದ್ದೆ. ಮುಂದಿನ ಲಾರಿಗೆ ಅವಳು ಬೇಕಿತ್ತು. ಬಂದಾಗಲೆಲ್ಲ ನನ್ನ ಮನೆಯಲ್ಲೇ ಊಟ. ಉಂಡ ಮನೆಯನ್ನು ಹೊಗಳುವ ಜಾಯಮಾನ ಅವಳದಲ್ಲ. ನನ್ನ ಸಾರು ಕೊಪ್ಪರಿಗೆಯಲ್ಲಿ ಮಾಡಿದ ಹಾಗಿದೆ, ಊರಿಗೆಲ್ಲ ಆಗುತ್ತದೆ, ಒಬ್ಬರಿಗೂ ರುಚಿಯಿಲ್ಲ ಎನ್ನುತ್ತಿದ್ದಳು. ಹಾರ್ಮೋನಿಯಂ ಮುಂದೆ ಕೂತು ಕರ್ಕಶವಾಗಿ ಒತ್ತುತ್ತಿದ್ದಳು. ನಾನು ಬೈಯುತ್ತಿದ್ದೆ, ಅವಳು ಇನ್ನೂ ಜೋರಾಗಿ ಒತ್ತುತ್ತಿದ್ದಳು. ನನ್ನ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದು ಎದ್ದು ಎಷ್ಟೋ ಕಾಲವಾಗಿತ್ತು. ನಾನು ಅವಳ ದಾರಿ ಕಾಯತೊಡಗಿದೆ, ಇದರಲ್ಲಿ ಮುಚ್ಚಿಡುವುದೇನಿದೆ. ಅವಳು ಹೊರಟಾಗ ‘ಹೋಗಿ ಬಾ’ ಎಂಬ ಮಾತು ಬರಬರುತ್ತಾ ಲಾರಿಗಾಗಿ ಅಲ್ಲ, ನನಗಾಗಿ ಬಾಯಿಂದ ಹೊರಡುತ್ತಿತ್ತು.

ನೀರು ಇಳಿಯಿತು. ಕೆಳಗಿನವರು ಮನೆ ಎತ್ತತೊಡಗಿದರು. ಹೊಳೆಸಾಲಿನ ಬೇರೆಯವರೂ ಲಾರಿಗೆ ಬರಲು ಶುರುಮಾಡಿದ್ದರು, ದುರುಗಿಯೇ ಬರಬೇಕೆಂಬ ಅಗತ್ಯವಿರಲಿಲ್ಲ. ಆದರೂ ಅವಳು ಬಂದಳು. ಅವ್ವನಿಗೆ ಜ್ವರ, ಮಾತ್ರೆ ಬೇಕು ಎಂದು ಬಂದಳು. ನಾನು ಮಾತ್ರೆ ಕೊಡಿಸಿ, ಉಣ್ಣಿಸಿ, ಹೋಗಿ ಬಾ ಎಂದು ಕಳಿಸಿದೆ. ಕಟ್ಟಿದ ಗೋಡೆ ಬಿತ್ತು, ಟಾರ್ಪಾಲು ಬೇಕು ಎಂದು ಬಂದಳು. ಟಾರ್ಪಾಲು ಕೊಟ್ಟು, ಮತ್ತೆ ಅದೇ ಮಾತು ಹೇಳಿ ಕಳಿಸಿದೆ. ಮುಂದಿನ ಸಲ ಬಂದಾಗ ಅವಳು ಬೈಯಲಿಲ್ಲ, ಹಾರ್ಮೋನಿಯಂ ಕಡೆ ನೋಡಲಿಲ್ಲ. ಗೋಡೆಗೆ ಒರಗಿ ಕೂತು ಕೈಯ ಮಣ್ಣು ಕೆರೆಯುತ್ತಿದ್ದಳು.

“ಏನೋ ಓಬಕ್ಕ, ಗೋಡೆ ಎತ್ತಿದಂಗೆಲ್ಲ ಬೀಳ್ತೈತೆ. ಅಕ್ಕಪಕ್ಕದೋರವು ನಿಂತವೆ. ನಂದೊಂದೇ ಬೀಳ್ತೈತೆ.”

ಸಾರು ಬಡಿಸುತ್ತಿದ್ದ ನನ್ನ ಕೈ ನಿಂತಿತು. ಬರುವುದಕ್ಕೆ ಒಂದು ನೆಪ ಬೇಕು. ನಮ್ಮೂರಿನ ಒನಕೆಗೆ, ಸೌಟಿಗೆ ಇಲ್ಲಿ ಮನೆಯಿದೆ, ಅವುಗಳ ನೆಪ ಹಗುರ. ಬೇರೆ ಕಡೆ ಮನೆ ಇರುವವರು ನೆರವಿನ ಗೋದಾಮಿಗೆ ಬರಬೇಕೆಂದರೆ ಅಲ್ಲಿ ಏನಾದರೂ ಕೆಡಲೇಬೇಕು. ತಹಸೀಲ್ದಾರರ ಹೊಟ್ಟೆ, ಹೆಣ್ಣುಮಕ್ಕಳ ಸಂಸಾರ, ಇವುಗಳನ್ನೆಲ್ಲ ನಗಾಡಿಕೊಂಡೇ ನಾವು ಇಷ್ಟು ಕಾಲ ಕಳೆದಿದ್ದೆವು. ಈಗ ನನ್ನ ಎದುರಿಗೆ ಕೂತವಳ ಗೋಡೆಯನ್ನು ಬೀಳಿಸುತ್ತಿದ್ದದ್ದು ಹೊಳೆಯಲ್ಲ, ನನ್ನ ನಾಲಿಗೆ. ಅವಳಿಗೆ ಅದನ್ನು ಹೇಳುವ ಧೈರ್ಯ ಬರಲಿಲ್ಲ. ಇವತ್ತು ನನ್ನಲ್ಲೇ ಮಲಗು, ನಾಳೆ ಹೊರಡು ಎಂದೆ. ಕಳಿಸದಿದ್ದರೆ ಮಾತಾಡುವ ಪ್ರಮೇಯವೇ ಇಲ್ಲವಲ್ಲ ಎಂಬ ಕಳ್ಳ ಲೆಕ್ಕ.

ನಾಳೆಯೇ ಕೊನೆಯ ಲಾರಿ ಎಂದು ಫಿಲೋಮಿನಾ ಮೇಡಂ ಹೇಳಿದರು. ಕಂಬಳಿಯವರು ಆಗಲೇ ಬ್ಯಾನರು ಬಿಚ್ಚುತ್ತಿದ್ದರು. ನಾನು ಮೇಡಂ ಬಳಿ ಎಲ್ಲವನ್ನೂ ಹೇಳಿಕೊಂಡೆ. ಅವರು ಖಾಲಿ ಹಲಗೆಯೊಂದರ ಮೇಲೆ ಕೂತರು.

“ನಮ್ಮ ಕೆಲಸ ಹಾಗೇ ಓಬಕ್ಕ. ಒಂದು ಊರು ನಮ್ಮನ್ನು ಪೂರ್ತಿ ಮರೆತರೆ ಕೆಲಸ ಆಯ್ತು ಅಂತ ಲೆಕ್ಕ. ಬೇಜಾರಾಗುದಿಲ್ವಾ ಕೇಳಿದ್ರೆ, ಆಗ್ತದೆ. ಪ್ರತಿ ಸಲ ಆಗ್ತದೆ.”

ಆ ಸಂಜೆ ನಾನು ಅಂಗಡಿಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದೆ. ಒಂದು ಸೌಟನ್ನು ಎದುರಿಗೆ ಇಟ್ಟುಕೊಂಡು ‘ಹೋಗು’ ಎನ್ನಲು ಹೊರಟೆ. ಮೊದಲು ಕೆಮ್ಮು ಬಂತು, ಆಮೇಲೆ ಅಳು ಬಂತು, ಕಡೆಗೆ ಮಾತು ಬಂತು. ಆ ಸೌಟನ್ನು ಮರುದಿನ ಯಾರೋ ಕೇಳಿ ಒಯ್ದರು, ಇವತ್ತಿಗೂ ಬಂದಿಲ್ಲ. ನಮ್ಮೂರಲ್ಲಿ ಕಳೆದುಹೋದ ವಸ್ತು ಅದೊಂದೇ, ಸಂಶಯವಿದ್ದವರು ಬಂದು ವಿಚಾರಿಸಬಹುದು.

ಬೆಳಿಗ್ಗೆ ಅಗಸೆಯಲ್ಲಿ ಊರೇ ಸೇರಿತ್ತು. ದುರುಗಿ ಉಳಿದ ಸಾಮಾನಿಗೆಲ್ಲ ಹೇಳಿ ಮುಗಿಸಿ, ಲಾರಿಯ ಮುಂದಿನ ಸೀಟಿಗೆ ಹತ್ತಿ ಕೂತಿದ್ದಳು. ದಸ್ತಗೀರ್ ಕಿವಿಯ ಹತ್ತಿ ತೆಗೆದು ತನ್ನ ಪಾಲಿನ ಹೋಗಿ ಬಾ ಇಸಿದುಕೊಂಡ. ಎಲ್ಲರೂ ದುರುಗಿಗೂ ಅದನ್ನೇ ಅನ್ನಲು ಬಾಯಿ ತೆರೆದರು. ನಾನು ಕೈ ಎತ್ತಿ ತಡೆದೆ. ಲಾರಿಯ ಬಾಗಿಲಿನ ಹತ್ತಿರ ಹೋಗಿ, ಅವಳ ಮುಖ ನೋಡಿಯೇ ಹೇಳಿದೆ.

“ಹೋಗು ದುರುಗಿ. ಮತ್ತೆ ಈ ಕಡೆ ಬರಬ್ಯಾಡ.”

ಜನರೊಳಗಿಂದ ಅಯ್ಯೋ ಎಂಬ ಸದ್ದು ಬಂತು. ಒಬ್ಬ ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡು ಆ ಕಡೆ ತಿರುಗಿದಳು. ಪಾಲಯ್ಯನೂ ತಲೆ ತಗ್ಗಿಸಿದ, ಅವನಿಗೆ ನನ್ನ ಬಗ್ಗೆ ಮೊದಲ ಸಲ ಗೌರವ ಬಂದಿತ್ತೋ ಏನೋ. ದುರುಗಿಯ ಮುಖ ಮೊದಲ ದಿನದ ಹಾಗೆ ಕೆಂಪಾಯಿತು. ಏನೋ ಅನ್ನಲು ಹೋದಳು. ನಾನು ಅವಳ ಕೈಯಲ್ಲಿನ್ನೂ ಅಂಟಿಕೊಂಡಿದ್ದ ಗೋಡೆಯ ಮಣ್ಣನ್ನು ಬೆರಳಿನಿಂದ ಒರೆಸಿದೆ. ಅವಳು ಆ ಬೆರಳನ್ನೂ ನನ್ನ ಕಣ್ಣನ್ನೂ ನೋಡಿದಳು. ಅರ್ಥವಾಗಿರಬೇಕು. ನನ್ನ ಕೈಯನ್ನು ಮೂಳೆ ನೋಯುವಷ್ಟು ಹಿಸುಕಿ ಬಿಟ್ಟಳು. ಲಾರಿ ಎಲ್ಲಿಯೂ ನಿಲ್ಲದೆ, ಕೆಮ್ಮದೆ ಅಗಸೆ ದಾಟಿತು.

ದಾಟಿ ಸ್ವಲ್ಪ ದೂರ ಹೋದ ಮೇಲೆ ಕಿಟಕಿಯಿಂದ ಅವಳ ತಲೆ ಹೊರಗೆ ಬಂತು. ಆ ದೊಡ್ಡ ಗಂಟಲು ಊರಿಗೆಲ್ಲ ಕೇಳಿಸಿತು.

“ನಾನ್ಯಾಕೆ ಬರ್ಲಿ? ನೀನ್ ಬಾ!”

ಇದರ ಮೇಲೆ ಊರಲ್ಲಿ ವಾರಗಟ್ಟಲೆ ಚರ್ಚೆಯಾಯಿತು. ಅಗಸೆಯ ಆಚೆ ನಿಂತು ಆಡಿದ ಮಾತು ಹತ್ತುತ್ತದೆಯೇ ಇಲ್ಲವೇ ಎಂದು. ತಹಸೀಲ್ದಾರರು ಹತ್ತುವುದಿಲ್ಲ ಎಂದು ತೀರ್ಪು ಕೊಟ್ಟರು. ಮನೆ ಅಳಿಯಂದಿರೆಲ್ಲ, ಅವರವರ ಅತ್ತೆಯರು ಕೇಳಿಸಿಕೊಳ್ಳುವ ಹಾಗೆ, ಹತ್ತುತ್ತದೆ ಎಂದರು. ನಾನು ಅಂಗಡಿಯಲ್ಲಿ ಕೂತು ಕಾದೆ. ಹೊಳೆಸಾಲಿನಲ್ಲಿ ಯಾರದಾದರೂ ಮದುವೆಯಾಗಿ ಕೊಪ್ಪರಿಗೆ ಬೇಕಾಗಬಹುದು, ದಸ್ತಗೀರನ ಗಾಡಿಯಲ್ಲಿ ನಾನು ಮಲಗಿ ನಿದ್ದೆ ಹೋಗಬಹುದು, ಮನೆಯ ಸೂರು ಸೋರಬಹುದು, ಏನಾದರೂ ಒಂದು ನೆಪ ಬಂದು ಕೈ ಹಿಡಿದು ಎಳೆಯಬಹುದು ಎಂದು. ಏನೂ ಬರಲಿಲ್ಲ. ಕಾಲು ಉಳುಕಲಿಲ್ಲ, ಸೂರು ಸೋರಲಿಲ್ಲ, ಯಾರೂ ಮದುವೆಯಾಗಲಿಲ್ಲ. ಅಗಸೆಯ ಆಚೆಯ ಮಾತಿಗೆ ಬಲವಿಲ್ಲ. ಅಲ್ಲಿ ಬಾ ಅಂದರೆ ಬರುವುದು ಬಿಡುವುದು ಬರುವವರ ಪಾಡು.

ಅದು ಖಾತ್ರಿಯಾದ ದಿನ ಎದ್ದು ಅಂಗಡಿಗೆ ಬೀಗ ಹಾಕಿದೆ. ದಸ್ತಗೀರ್ ಎಲ್ಲೋ ಬಾಡಿಗೆಗೆ ಹೋಗಿದ್ದ. ಅಗಸೆಯಲ್ಲಿ ತಹಸೀಲ್ದಾರರು ಗಾಳಿಗೆ ಕೂತಿದ್ದರು. ಎಲ್ಲಿಗೆ ಎಂದು ಕೇಳಿ, ಉತ್ತರಕ್ಕೂ ಕಾಯದೆ ‘ಹೋಗಿ ಬಾರಮ್ಮ’ ಎಂದರು. ನಡೆದೇ ಹೋದೆ. ಹುಟ್ಟಿದ ಮೇಲೆ ಅಷ್ಟು ದೂರ ನಡೆದವಳಲ್ಲ, ಕೇಳುವವರು ಸಿಕ್ಕಿದಲ್ಲೆಲ್ಲ ದಾರಿ ಕೇಳಿದೆ. ಹೊಳೆಸಾಲು ತಲುಪುವಾಗ ಬಿಸಿಲು ಇಳಿಯುತ್ತಿತ್ತು. ದುರುಗಿ ಬೆನ್ನು ತಿರುಗಿಸಿ ನಿಂತು ಬಕೆಟ್ಟಿನಲ್ಲಿ ಮಣ್ಣು ಕಲಸುತ್ತಿದ್ದಳು. ಅವಳ ಅವ್ವ ಜಗಲಿಯಲ್ಲಿ ಕಂಬಳಿ ಹೊದ್ದು ಹೊಗೆಸೊಪ್ಪು ಅಗಿಯುತ್ತಾ, ಇದ್ಯಾರು ಬಂದವಳು ಎಂದು ಕಣ್ಣು ಕಿರಿದು ಮಾಡಿದಳು. ದುರುಗಿ ತಿರುಗಿ ನೋಡಿದಳು. ಬಂದ್ಯಾ ಎಂದಳು, ಮೈಲಿಗಟ್ಟಲೆ ನಡೆದು ಬಂದವಳನ್ನು ಪಕ್ಕದ ಮನೆಯಿಂದ ಬಂದವಳಂತೆ. ಅವಳ ಮುಖ ನೋಡುವ ಮೊದಲು ಅವಳ ಬೆನ್ನ ಹಿಂದಿನ ಗೋಡೆ ನೋಡಿದೆ. ಅದು ನಿಂತಿತ್ತು.